ಏಳನೇ ಅಧ್ಯಾಯದ ತಾಯಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ನಾಚಿಕೆಯಾಗಿದೆ. ನನ್ನ ಪುಸ್ತಕ ಓದುವವರು ನಾನು ಬಾಯಿ ತೆರೆದರೆ ಸಾಕು, ನಗುವುದಕ್ಕೆ ತಯಾರಾಗಿ ಕೂತಿರುತ್ತಾರೆ. ಈ ಸಲ ದಯವಿಟ್ಟು ಬೇಡ.

ನಾನು ನೆಲಿದಾ. ಅರವತ್ತಮೂರು ವರ್ಷ ವಯಸ್ಸು. ಮೊದಲು ಬ್ಯೂನಸ್ ಐರಿಸ್‌ನಲ್ಲಿ ಒಬ್ಬ ನೋಟರಿಯ ಕಚೇರಿಯಲ್ಲಿ ಟೈಪ್ ಮಾಡುತ್ತಿದ್ದೆ, ಇಪ್ಪತ್ತೆರಡು ವರ್ಷದಿಂದ ವರ್ಷಕ್ಕೊಂದು ರಜಾ ಕಾದಂಬರಿ ಬರೆಯುತ್ತಿದ್ದೇನೆ. ಮರಳಿನಲ್ಲಿ ಬೋರಲು ಮಲಗಿ, ಬೆನ್ನಿಗೆ ಎಣ್ಣೆ ಸವರಿಸಿಕೊಂಡು ಓದುವ ಜಾತಿಯ ಪುಸ್ತಕ. ಒದ್ದೆ ಕೈಯಲ್ಲಿ ಹಿಡಿದರೂ ನಡೆಯುತ್ತದೆ, ಮಧ್ಯೆ ನಿದ್ದೆ ಬಂದರೂ ನಷ್ಟವಿಲ್ಲ, ಕೊನೆಯಲ್ಲಿ ಯಾರಿಗಾದರೂ ಮದುವೆ ಆಗಲೇಬೇಕು. ಡಿಸೆಂಬರ್‌ನಲ್ಲಿ ಪೇಪರ್ ಅಂಗಡಿಗಳಲ್ಲಿ ತೂಗುಹಾಕುತ್ತಾರೆ, ಜನವರಿಯ ಬೇಸಿಗೆ ರಜೆಗೆ ಜನ ಅದನ್ನು ಸಮುದ್ರಕ್ಕೆ ಹೊತ್ತುಕೊಂಡು ಬರುತ್ತಾರೆ, ಮಾರ್ಚ್‌ನಲ್ಲಿ ಶಾಲೆ ಶುರುವಾಗುವಷ್ಟರಲ್ಲಿ ಮರೆತಿರುತ್ತಾರೆ. ಮರೆಯಲಿ ಬಿಡಿ, ನನಗೆ ಅದರ ಬಗ್ಗೆ ಬೇಜಾರಿರಲಿಲ್ಲ. ದೊಡ್ಡ ಸಾಹಿತಿಗಳ ಪುಸ್ತಕಕ್ಕೆ ಯಾವತ್ತಾದರೂ ಸನ್‌ಸ್ಕ್ರೀನ್ ವಾಸನೆ ಬಂದಿದೆಯಾ?

ರೇಡಿಯೋದವರು ಪ್ರತಿವರ್ಷ ಕೇಳುತ್ತಾರೆ: "ಸ್ಫೂರ್ತಿ ಎಲ್ಲಿಂದ ಮೇಡಂ?" ನಾನು ಗಂಟಲು ಸರಿಮಾಡಿಕೊಂಡು, "ಸಮುದ್ರ ಹೇಳಿಕೊಡುತ್ತೆ, ನಾನು ಬರ್ಕೊಳ್ತೀನಿ ಅಷ್ಟೇ" ಅನ್ನುತ್ತೇನೆ. ಸಮುದ್ರ ಮಣ್ಣಾಂಗಟ್ಟಿ ಹೇಳಿಕೊಟ್ಟಿತು! ನನಗೆ ಹೇಳಿಕೊಟ್ಟವಳು ಮಿರ್ತಾ.

ಮಿರಾಮಾರ್‌ನ ದಂಡೆಯಲ್ಲಿ ಡೇರೆಗಳ ಸಾಲುಗಳಿವೆ. ಒಂದೊಂದು ಕುಟುಂಬಕ್ಕೆ ಒಂದೊಂದು ಡೇರೆ. ಮೇಜು ಕುರ್ಚಿ ಹಾಕಿ, ಮುಂದೆ ಪರದೆ ಬಿಟ್ಟುಕೊಂಡು, ಬೆಳಗ್ಗೆಯಿಂದ ಸಂಜೆವರೆಗೆ ಅಲ್ಲೇ ಸಂಸಾರ. ವರ್ಷ ವರ್ಷವೂ ಅದೇ ಕುಟುಂಬಕ್ಕೆ ಅದೇ ಡೇರೆ, ಯಾರಾದರೂ ಸತ್ತರೆ ಮಾತ್ರ ಬದಲಾವಣೆ. ನನ್ನದು ಹನ್ನೊಂದು, ಮಿರ್ತಾಳದು ಹನ್ನೆರಡು. ನಡುವೆ ಒಂದೇ ಒಂದು ಕ್ಯಾನ್ವಾಸ್ ಗೋಡೆ, ಅದನ್ನೂ ನಾವು ಸುತ್ತಿ ಮೇಲಕ್ಕೆ ಕಟ್ಟಿಬಿಟ್ಟಿದ್ದೆವು. ಅವಳಿಗೆ ಲಾನೂಸ್‌ನಲ್ಲಿ ಗುಂಡಿ, ದಾರ, ಲೇಸು ಮಾರುವ ಅಂಗಡಿ. ಅಂಗಡಿಗೆ ಬರುವ ಹೆಂಗಸರು ಅಳತೆ ಕೊಡುತ್ತಾ ಮನೆಯ ಗುಟ್ಟನ್ನೂ ಕೊಡುತ್ತಿದ್ದರು. ವರ್ಷವಿಡೀ ಕೂಡಿಟ್ಟಿದ್ದನ್ನು ಅವಳು ಜನವರಿಯಲ್ಲಿ ನನ್ನ ಮುಂದೆ ಸುರಿಯುತ್ತಿದ್ದಳು. ಅವಳು ಮಾಟೆ ಕಷಾಯ ಹಾಕಿಕೊಡುವವಳು, ನಾನು ಕುಡಿಯುವವಳು. ಕುಡಿಯಲು ಒಂದೇ ಸೋರೆಬುರುಡೆ, ಹೀರಲು ಒಂದೇ ಕೊಳವೆ, ಮೂವತ್ತೊಂದು ವರ್ಷ. ನನ್ನ ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ. ನನ್ನವರು ಅಂತ ಬೆರಳು ಮಡಚಿದರೆ ಮೊದಲನೆಯದೂ ಮಿರ್ತಾ, ಕೊನೆಯದೂ ಮಿರ್ತಾ.

ನನ್ನ ಕೆಲಸದ ಪದ್ಧತಿ ಹೇಳುತ್ತೇನೆ, ನಾಚಿಕೆಗೆಟ್ಟವಳ ಪದ್ಧತಿ. ಕಪ್ಪು ಕನ್ನಡಕ ಹಾಕಿಕೊಂಡು ಆರಾಮಕುರ್ಚಿಯಲ್ಲಿ ನಿದ್ದೆ ಬಂದವಳ ಹಾಗೆ ಬಾಯಿ ಸ್ವಲ್ಪ ತೆರೆದು ಮಲಗುವುದು. ಸುತ್ತಲಿನ ನಾಲ್ಕು ಡೇರೆಯವರು ನಾನು ಮಲಗಿದ್ದೇನೆ ಅಂತ ಅತ್ತೆ ಸೊಸೆಯನ್ನು, ಸೊಸೆ ಗಂಡನನ್ನು ಬೈದುಕೊಳ್ಳುವುದು. ಒಳ್ಳೆಯದೇನಾದರೂ ಕಿವಿಗೆ ಬಿದ್ದರೆ "ಬಚ್ಚಲಿಗೆ ಹೋಗಿ ಬರ್ತೀನಿ" ಅಂತ ಎದ್ದು ಹೋಗಿ, ಅಲ್ಲಿ ಚಿಲಕ ಹಾಕಿಕೊಂಡು ನಿಂತು ಬರೆದುಕೊಳ್ಳುವುದು. ಮಿರ್ತಾಳ ಗಂಡ ರೌಲ್‌ನ ಟೋಪನ್ ಗಾಳಿಗೆ ಹಾರಿ ನಾಯಿಯ ಬಾಯಿಗೆ ಸಿಕ್ಕಿದ್ದನ್ನು ನಾನು ಮೂರು ಪುಸ್ತಕದಲ್ಲಿ ಬಳಸಿದೆ. ರೌಲ್ ಬದುಕಿದ್ದಾಗ ತಾನೇ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಮಿರ್ತಾ ಮಾತ್ರ ನನ್ನ ಒಂದು ಪುಸ್ತಕವನ್ನೂ ಓದಿದವಳಲ್ಲ. "ನಿನ್ನ ಬಾಯಲ್ಲೇ ದಿನಾ ಕೇಳ್ತೀನಲ್ಲೇ, ದುಡ್ಡು ಕೊಟ್ಟು ಬೇರೆ ಕೇಳ್ಬೇಕಾ?" ಅನ್ನುತ್ತಿದ್ದಳು. ಅವಳದ್ದೇನಿದ್ದರೂ ಪದಬಂಧ. ಅದೇ ನನಗೆ ಧೈರ್ಯ.

ಹೋದ ಫೆಬ್ರವರಿ, ರಜೆಯ ಕೊನೆಯ ವಾರ. ದಕ್ಷಿಣದ ಗಾಳಿ ಬೀಸಿ ಸಮುದ್ರ ಕದಡಿತ್ತು, ನೀರಿಗಿಳಿಯಬೇಡಿ ಅಂತ ಕೆಂಪು ಬಾವುಟ ಏರಿಸಿದ್ದರು. ಡೇರೆಗಳು ಅರ್ಧ ಖಾಲಿ. ನಾವಿಬ್ಬರೂ ಕಾಲಿಗೆ ಟವೆಲ್ ಸುತ್ತಿಕೊಂಡು ಕೂತಿದ್ದೆವು. ದೂರದಲ್ಲಿ ಚಪ್ಪಾಳೆ ಶುರುವಾಯಿತು.

ನಮ್ಮ ದಂಡೆಯಲ್ಲಿ ಮಗು ಕಳೆದುಹೋದರೆ ಯಾರೂ ಕೂಗುವುದಿಲ್ಲ, ಮೈಕ್ ಹಿಡಿಯುವುದಿಲ್ಲ. ಮಗು ಸಿಕ್ಕಿದವರು ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಾರೆ, ಸುತ್ತಲಿನವರು ಚಪ್ಪಾಳೆ ತಟ್ಟುತ್ತಾರೆ. ಹಾದಿಯಲ್ಲಿದ್ದವರೆಲ್ಲ ಸೇರಿಕೊಳ್ಳುತ್ತಾರೆ, ಇಸ್ಪೀಟು ಆಡುವವರೂ ಎಲೆ ಕೆಳಗಿಟ್ಟು ತಟ್ಟುತ್ತಾರೆ. ಸದ್ದು ಕೇಳಿದ ತಾಯಂದಿರೆಲ್ಲ ತಮ್ಮ ತಮ್ಮ ಮಕ್ಕಳ ತಲೆ ಎಣಿಸುತ್ತಾರೆ, ಒಂದು ಕಮ್ಮಿಯಿದ್ದವಳು ಎದ್ದು ಓಡಿ ಬರುತ್ತಾಳೆ. ಹೆಚ್ಚೆಂದರೆ ಎರಡು ಮೂರು ನಿಮಿಷದ ಮಾತು.

ಆ ಸದ್ದಿಗೆ ಮಿರ್ತಾಳ ಕೈ ನಿಂತಿತು. ಬಿಸಿನೀರಿನ ಥರ್ಮಾಸ್ ಕೆಳಗಿಟ್ಟಳು.

"ನೆಲಿ, ನಿನಗೊಂದು ವಿಷಯ ಹೇಳ್ಲಾ? ಯಾರಿಗೂ ಹೇಳಿಲ್ಲ. ಚರ್ಚಲ್ಲಿ ಪಾದ್ರಿ ಹತ್ರಾನೂ ಹೇಳಿಲ್ಲ."

"ಹೇಳೇ."

"ಗಾಸ್ತೋನ್‌ಗೆ ಆಗ ನಾಕು ವರ್ಷ. ನೀನಿನ್ನೂ ಇಲ್ಲಿಗೆ ಬಂದಿರ್ಲಿಲ್ಲ, ಅದರ ಹಿಂದಿನ ವರ್ಷ. ರೌಲ್ ಶನಿವಾರ ಭಾನುವಾರ ಮಾತ್ರ ಬರೋನು. ಮಿಕ್ಕ ದಿನ ನಾನು, ಆ ಮಗು. ಅದು ನಿದ್ದೆ ಮಾಡ್ತಿರ್ಲಿಲ್ಲ ಕಣೇ. ರಾತ್ರಿಯೆಲ್ಲ ಕೆಮ್ಮು, ಹಗಲೆಲ್ಲ ನನ್ನ ಮೈಮೇಲೆ. ಬಚ್ಚಲಿಗೆ ಹೋದ್ರೂ ಬಾಗಿಲು ಬಡಿಯೋದು. ಒಂದಿನ ಕಣ್ಣು ಮುಚ್ಚಿ ತೆಗೆಯೋಷ್ಟರಲ್ಲಿ ಕಾಣ್ಲಿಲ್ಲ. ಎದೆ ಒಡ್ದು ಹೋಯ್ತು. ಎದ್ದು ನಿಂತೆ, ಅಷ್ಟರಲ್ಲಿ ಚಪ್ಪಾಳೆ. ನೋಡಿದ್ರೆ ದೂರದಲ್ಲಿ ಯಾರದೋ ಹೆಗಲ ಮೇಲೆ ಅವನ ಹಳದಿ ಟೋಪಿ."

"ಸದ್ಯ! ಓಡಿದೆಯಾ?"

"ಇಲ್ಲ. ಕೂತ್ಕೊಂಡೆ."

ಗಾಳಿಗೆ ಕ್ಯಾನ್ವಾಸ್ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಕೂತ್ಕೊಂಡೆ ಕಣೇ. ಮಗು ಕ್ಷೇಮ, ಯಾರೋ ಹೊತ್ಕೊಂಡಿದ್ದಾರೆ, ನಾನಲ್ಲ. ಮಾಟೆಗೆ ನೀರು ಹಾಕ್ಕೊಂಡೆ. ಒಂದು ಕುಡಿದೆ. ಇನ್ನೊಂದು ಕುಡಿದೆ. ಚಪ್ಪಾಳೆ ಆ ಕೊನೆ ತನಕ ಹೋಯ್ತು, ಮತ್ತೆ ಈ ಕಡೆ ಬಂತು. ನಮ್ಮ ಡೇರೆ ಮುಂದೇನೇ ಹಾದು ಹೋಯ್ತು. ಪರದೆ ಎಳ್ಕೊಂಡುಬಿಟ್ಟೆ. ಇಪ್ಪತ್ತು ನಿಮಿಷ, ನೆಲಿ. ನಾಕು ವರ್ಷದಲ್ಲಿ ನನ್ನ ಮೈನ ಯಾರೂ ಮುಟ್ಟದೇ ಇದ್ದ ಇಪ್ಪತ್ತು ನಿಮಿಷ. ಆಮೇಲೆ ಅಳ್ತಾ ಓಡಿದೆ. ಎಲ್ಲರೂ ಬೆನ್ನು ಸವರಿದ್ರು. ಪಾಪ ತಾಯಿ, ಪಾಪ ತಾಯಿ ಅಂದ್ರು. ಯಾರೋ ನೀರು ಕೊಟ್ರು. ಅದನ್ನೂ ಕುಡಿದೆ ನೋಡು."

ಥರ್ಮಾಸಿನ ಮುಚ್ಚಳ ತಿರುಗಿಸುತ್ತಾ ಮತ್ತೆ ಹೇಳಿದಳು: "ಹೆಗಲ ಮೇಲೆ ಕೂತು ಅವನೂ ಚಪ್ಪಾಳೆ ತಟ್ತಿದ್ದ ಕಣೇ. ಎಲ್ಲರ ಜೊತೆ. ಯಾರಿಗೋ ಏನೋ ಹಬ್ಬ ಅಂದ್ಕೊಂಡು."

ಒಳ್ಳೆ ಗೆಳತಿ ಆಗಿದ್ದರೆ ಏನು ಮಾಡಬೇಕಿತ್ತು? ಕೈ ಹಿಡಿದುಕೊಳ್ಳಬೇಕಿತ್ತು. ಒಂದು ಮಾತು ಆಡಬೇಕಿತ್ತು. ನಾನು ಏನು ಮಾಡಿದೆ ಗೊತ್ತಾ? "ಬಚ್ಚಲಿಗೆ ಹೋಗಿ ಬರ್ತೀನಿ" ಅಂದೆ.

ಹೋಗಿ ಚಿಲಕ ಹಾಕಿಕೊಂಡು ಬರೆದುಕೊಂಡೆ. ಹಳದಿ ಟೋಪಿ, ಎರಡು ಸಲ ಮಾಟೆ, ಪರದೆ, ಮಗುವೂ ಚಪ್ಪಾಳೆ. ಬರೆಯುವಾಗ ನನಗೆ ಖುಷಿಯೋ ಖುಷಿ. ಥೂ, ನನ್ನ ಜನ್ಮಕ್ಕಿಷ್ಟು! ಎರಡು ತಿಂಗಳಿಂದ ಮುಂದಿನ ಪುಸ್ತಕಕ್ಕೆ ಒಂದು ಎಳೆಯೂ ಸಿಕ್ಕಿರಲಿಲ್ಲ.

ವಾಪಸ್ ಬಂದಾಗ ನನ್ನ ಕಣ್ಣು ಕೆಂಪಗಿತ್ತೋ ಏನೋ, ಗಾಳಿಗೆ ಮರಳು ಹಾರಿತ್ತಲ್ಲ. ಮಿರ್ತಾ ಎದ್ದು ಬಂದು ನನ್ನನ್ನು ತಬ್ಬಿಕೊಂಡಳು.

"ಅತ್ಕೊಂಡು ಬಂದ್ಯಾ? ನನಗೋಸ್ಕರ ಅಳ್ಬೇಡ್ವೇ. ಹೇಳಿದ್ದಕ್ಕೆ ಹಗುರಾಯ್ತು."

ನಾನು ಹೂಂ ಅಂದೆ. ಅತ್ತಿದ್ದೆ ಅಂತಲೇ ಅವಳು ತಿಳಿದುಕೊಳ್ಳಲಿ ಅಂತ ಬಿಟ್ಟೆ.

ಪುಸ್ತಕದಲ್ಲಿ ಅದು ಏಳನೇ ಅಧ್ಯಾಯವಾಯಿತು. ನಾನೇನು ಹುಚ್ಚಿಯಲ್ಲ, ಎಲ್ಲ ಬದಲಾಯಿಸಿದೆ. ಊರು ಉರುಗ್ವೆಗೆ ಹೋಯಿತು, ತಾಯಿಯ ಹೆಸರು ಫ್ಯಾನಿ ಅಂತಾಯಿತು, ಕೂದಲು ಹೊಂಬಣ್ಣವಾಯಿತು, ಹಳದಿ ಟೋಪಿ ಕೆಂಪು ಚಡ್ಡಿಯಾಯಿತು. ಆದರೆ ದಣಿದು ಕೂತ ಹೆಂಗಸನ್ನು ಇಟ್ಟುಕೊಂಡು ರಜಾ ಕಾದಂಬರಿ ನಡೆಯುವುದಿಲ್ಲ. ಮರಳಲ್ಲಿ ಮಲಗಿದವರಿಗೆ ದಣಿವು ಬೇಡ, ಅವರು ಅದನ್ನೇ ಮನೆಯಲ್ಲಿ ಬಿಟ್ಟು ಬಂದಿರುತ್ತಾರೆ. ಅದಕ್ಕೆ ಫ್ಯಾನಿಯನ್ನು ಚೆಲ್ಲುಚೆಲ್ಲಾಗಿ ಮಾಡಿದೆ. ಜೀವರಕ್ಷಕ ಕೆಲಸದ ಒಬ್ಬ ಮೀಸೆಯವನನ್ನು ಡೇರೆಯೊಳಗೆ ಕೂರಿಸಿಕೊಂಡು ಅವಳು ಮಾಟೆ ಕುಡಿಸುತ್ತಿದ್ದಾಳೆ. ಹೊರಗೆ ಚಪ್ಪಾಳೆ. "ನಿಮ್ಮ ಮಗು ಅನ್ಸುತ್ತೆ" ಅನ್ನುತ್ತಾನೆ ಮೀಸೆ. ಫ್ಯಾನಿ ಪರದೆ ಎಳೆದು, "ಇನ್ನೈದು ನಿಮಿಷ ತಟ್ಲಿ ಬಿಡಿ, ಅವರ ಕೈಗೂ ವ್ಯಾಯಾಮ" ಅಂತ ಕಿಲಕಿಲ ನಗುತ್ತಾಳೆ. ಸಂಪಾದಕಿ ಓದಿ ಫೋನ್ ಮಾಡಿ, ನಗು ತಡೆಯಲಾರದೆ ಕೆಮ್ಮಿದಳು. "ನಿಮ್ಮ ಇಷ್ಟೂ ಪುಸ್ತಕದಲ್ಲಿ ಇದೇ ಬೆಸ್ಟ್" ಅಂದಳು.

ಆದರೆ ಮಗು ಹೆಗಲ ಮೇಲೆ ಕೂತು ತಾನೂ ಚಪ್ಪಾಳೆ ತಟ್ಟಿದ್ದನ್ನು ತೆಗೆಯಲು ನನಗೆ ಮನಸ್ಸು ಬರಲಿಲ್ಲ. ಎರಡು ಸಲ ಹೊಡೆದುಹಾಕಿದೆ, ಎರಡು ಸಲ ವಾಪಸ್ ಬರೆದೆ. ಅದಷ್ಟು ಚೆನ್ನಾಗಿತ್ತು, ನನ್ನ ತಲೆಗೆ ಹುಟ್ಟುವಂಥದ್ದಲ್ಲ. ಮಿರ್ತಾ ಓದುವುದಿಲ್ಲವಲ್ಲ, ಯಾರಿಗೆ ಗೊತ್ತಾಗಬೇಕು ಅಂದುಕೊಂಡು ಉಳಿಸಿದೆ.

ಈ ಜನವರಿ ಬಂತು. ಡೇರೆ ಡೇರೆಯಲ್ಲೂ ನನ್ನ ಪುಸ್ತಕ. ಚುರ್ರೋಸ್ ಅನ್ನುವ ಕರಿದ ಸಿಹಿತಿಂಡಿ ಮಾರುವವನು ಬುಟ್ಟಿ ಇಳಿಸಿ, "ಮೀಸೆಯವನನ್ನ ಕೊನೆಗೆ ಮದ್ವೆ ಆಗ್ತಾಳಾ ಮೇಡಂ?" ಅಂತ ಕೇಳಿದ. ನಾನು ರಾಣಿಯ ಹಾಗೆ ಓಡಾಡಿಕೊಂಡಿದ್ದೆ.

ಎರಡನೇ ವಾರಕ್ಕೆ ಮಿರ್ತಾಳ ಮಗ ಗಾಸ್ತೋನ್ ಬಂದ. ಮೂವತ್ತಾರರ ಗಂಡಸು, ನನ್ನ ಕಣ್ಣೆದುರೇ ಬೆಳೆದವನು, ನನ್ನನ್ನು ನೆಲಿ ದೊಡ್ಡಮ್ಮ ಅಂತಲೇ ಕರೆಯುವುದು. ಜೊತೆಗೆ ಹೆಂಡತಿ ಹಿಮೇನಾ, ನಾಲ್ಕು ವರ್ಷದ ಮಗಳು ಅಬ್ರಿಲ್. ಮೂರನೇ ದಿನ ಮಧ್ಯಾಹ್ನ, ಮಾಂಸದ ಸ್ಯಾಂಡ್‌ವಿಚ್ ತಿಂದು ಎಲ್ಲರೂ ಡೇರೆ ಮುಂದಿನ ನೆರಳಲ್ಲಿ ಕೂತಿದ್ದೆವು. ಹತ್ತನೇ ಡೇರೆಯ ಅನೀಬಲ್ ಕೂಡ ತನ್ನ ಕುರ್ಚಿ ಎತ್ತಿಕೊಂಡು ಬಂದಿದ್ದ. ಮಿರ್ತಾ ಮಾಟೆ ಹಾಕಿ ಸುತ್ತು ಕೊಡುತ್ತಿದ್ದಳು. ಹಿಮೇನಾ ನನ್ನ ಪುಸ್ತಕ ಓದುತ್ತಾ ಒಬ್ಬಳೇ ನಗುತ್ತಿದ್ದಳು. ಇದ್ದಕ್ಕಿದ್ದಂತೆ ಎದ್ದು ಕೂತಳು.

"ಅತ್ತೇ, ಕೇಳಿ ಕೇಳಿ! ಇದು ನಮ್ಮನೆ ಕಥೆ! ದೊಡ್ಡಮ್ಮ ಇವರನ್ನ ಪುಸ್ತಕಕ್ಕೆ ಹಾಕ್ಬಿಟ್ಟಿದ್ದಾರೆ!"

ಆಗ ನನಗೆ ಗೊತ್ತಾಯಿತು. ಗಾಸ್ತೋನ್ ಚಪ್ಪಾಳೆ ತಟ್ಟಿದ್ದು ಅವರ ಮನೆಯಲ್ಲಿ ಗುಟ್ಟೇ ಅಲ್ಲ. ಪ್ರತಿ ಕ್ರಿಸ್‌ಮಸ್ ಊಟಕ್ಕೆ ಹೇಳಿ ನಗುವ ಕಥೆ ಅದು: ಕಳೆದುಹೋದ ಹುಡುಗ ತನಗೆ ತಾನೇ ಚಪ್ಪಾಳೆ ತಟ್ಟಿಕೊಂಡ ಅಂತ. ಗುಟ್ಟಾಗಿದ್ದದ್ದು ಆ ಇಪ್ಪತ್ತು ನಿಮಿಷ ಮಾತ್ರ. ಅಂದರೆ ನಾನು ಗುಟ್ಟಿಗೆ ಮನೆಯ ವಿಳಾಸ ಬರೆದು ದೇಶಕ್ಕೆಲ್ಲ ಹಂಚಿದ್ದೆ.

"ಬಿಡಮ್ಮಾ, ಬಿಸಿಲಲ್ಲಿ ಓದಿದ್ರೆ ಕಣ್ಣು ಹಾಳು" ಅಂದೆ.

"ಸುಮ್ನಿರಿ ದೊಡ್ಡಮ್ಮ, ಏನ್ ನಾಚ್ಕೋತೀರಾ?" ಅಂದು ಹಿಮೇನಾ ಗಟ್ಟಿಯಾಗಿ ಓದಲು ಶುರು ಮಾಡಿದಳು. ಚೆನ್ನಾಗಿ ಓದುತ್ತಾಳೆ, ಶಾಲೆಯಲ್ಲಿ ಟೀಚರ್. ಮೀಸೆಯವನಿಗೆ ದಪ್ಪ ದನಿ, ಫ್ಯಾನಿಗೆ ಕೀರಲು ದನಿ. ಅನೀಬಲ್ ತೊಡೆ ತಟ್ಟಿಕೊಂಡು ನಕ್ಕ. ಗಾಸ್ತೋನ್ ನಕ್ಕ. ಪಕ್ಕದ ಸಾಲಿನವರೂ ಕತ್ತು ಉದ್ದ ಮಾಡಿದರು. "ಅವರ ಕೈಗೂ ವ್ಯಾಯಾಮ" ಬಂದಾಗ ಎಲ್ಲರ ನಗು ಒಟ್ಟಿಗೆ ಎದ್ದಿತು. ನಾನು ಮಿರ್ತಾಳ ಕಡೆ ನೋಡಲಿಲ್ಲ. ಅವಳ ಕೈ ಮಾತ್ರ ಕಾಣುತ್ತಿತ್ತು, ಬುರುಡೆ ಹಿಡಿದ ಕೈ. ನೀರು ತುಂಬಿ ಹೊರಗೆ ಚೆಲ್ಲುತ್ತಿತ್ತು, ಬಿಸಿನೀರು, ಅವಳ ಬೆರಳ ಮೇಲೇ. ಅವಳು ಕೈ ತೆಗೆಯಲಿಲ್ಲ.

"ಎಂಥಾ ಹೆಂಗಸಪ್ಪಾ!" ಅಂದಳು ಹಿಮೇನಾ ನಗುತ್ತಲೇ. "ಮಗು ಅಲ್ಲಿ ಊರೆಲ್ಲ ಮೆರವಣಿಗೆ ಹೋಗ್ತಿದೆ, ಇವಳು ಪರದೆ ಎಳ್ಕೊಂಡು ಮೀಸೆ ನೋಡ್ತಾ ಕೂತಿದ್ದಾಳೆ!"

ಪರದೆ ಅಂದ ಕೂಡಲೇ ಗಾಸ್ತೋನ್‌ನ ನಗು ನಿಂತಿತು.

"ಅಮ್ಮ," ಅಂದ. "ಅವತ್ತು ತುಂಬಾ ಹೊತ್ತಾಗಿತ್ತು ಅಲ್ವಾ? ನನಗೆ ನೆನಪಿದೆ. ಆ ಮನುಷ್ಯನ ಹೆಗಲು ಬೆವೆತು ನನ್ನ ತೊಡೆ ಉರೀತಿತ್ತು. ನಮ್ಮ ಡೇರೆ ಮುಂದೆ ಬಂದ್ವಿ ಅಂತಾನೂ ನೆನಪು. ಹಸಿರು ಪಟ್ಟೆ ಪರದೆ. ಮುಚ್ಚಿತ್ತು. ನೀನು ಬಿಸಿನೀರು ತರೋಕೆ ಹೋಗಿದ್ದೆ ಅಂತ ಹೇಳ್ತಿದ್ದೆ."

ಮಿರ್ತಾ ಬಾಯಿ ತೆರೆದಳು.

ಆಗ ನಾನು ಬಾಯಿ ಹಾಕಿದೆ. ಇಪ್ಪತ್ತೆರಡು ವರ್ಷ ಸುಳ್ಳು ಹೆಣೆದು ಬದುಕಿದವಳು, ಒಂದು ಸುಳ್ಳು ಅವಳಿಗೋಸ್ಕರ ಹೇಳಬಾರದಾ ಅಂದುಕೊಂಡೆ. ಅವಳಿಗೋಸ್ಕರವಾ? ಇಲ್ಲ. ನನ್ನ ತಲೆ ಉಳಿಸಿಕೊಳ್ಳುವುದಕ್ಕೆ.

"ಅಯ್ಯೋ ಹುಚ್ಚಪ್ಪಾ! ಚಪ್ಪಾಳೆ ತಟ್ಟಿದ್ದು ಮಾತ್ರ ನಿಮ್ಮಮ್ಮ ಹೇಳಿದ್ದು ಕಣೋ. ಮಿಕ್ಕಿದ್ದೆಲ್ಲ ನಾನೇ ಕಟ್ಟಿದ್ದು, ಜನ ನಗ್ಲಿ ಅಂತ. ಹೆತ್ತ ಮಗು ಚಪ್ಪಾಳೆ ಕೇಳ್ಕೊಂಡು ಯಾವ ತಾಯಿ ಕೂತಿರ್ತಾಳೆ ಹೇಳು? ರಾಕ್ಷಸಿ ಮಾತ್ರ ಕೂತಿರ್ತಾಳೆ."

ಮಾತು ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅನೀಬಲ್ ಮಾತ್ರ "ಸರಿಯಾಗಿ ಹೇಳಿದ್ರಿ" ಅಂತ ತಲೆ ಆಡಿಸಿದ.

ಮಿರ್ತಾ ಬುರುಡೆಯನ್ನು ಮೇಜಿನ ಮೇಲಿಟ್ಟು, ಒರೆಸಲು ಬಟ್ಟೆ ಹುಡುಕುವ ಹಾಗೆ ಸುತ್ತ ಕೈಯಾಡಿಸಿ, ಕೊನೆಗೆ ಟವೆಲ್‌ಗೆ ಬೆರಳು ಒರೆಸಿಕೊಂಡಳು. ಕೈ ಕೆಂಪಗಾಗಿತ್ತು.

"ನಾನು ಕೂತಿದ್ದೆ," ಅಂದಳು.

"ಏನಮ್ಮ?"

"ಚಪ್ಪಾಳೆ ಕೇಳಿಸ್ತು. ನೀನೇ ಅಂತಾನೂ ಗೊತ್ತಾಯ್ತು. ಪರದೆ ಎಳೆದು ಕೂತಿದ್ದೆ. ಇಪ್ಪತ್ತು ನಿಮಿಷ. ಮೀಸೆ ಗೀಸೆ ಯಾರೂ ಇರ್ಲಿಲ್ಲ. ನಾನೊಬ್ಳೇ ಇದ್ದೆ."

ಹಿಮೇನಾ ಪುಸ್ತಕ ಮುಚ್ಚಿ ಮಗುಚಿ ಇಟ್ಟಳು. ಅದರ ಬೆನ್ನಿಗಿದ್ದ ನನ್ನ ಫೋಟೋ ಮೇಲೆ ಬಂತು, ಹಲ್ಲು ಕಿರಿದುಕೊಂಡು. ಅನೀಬಲ್‌ಗೆ ಏನೋ ಕೆಲಸ ನೆನಪಾಗಿ ಕುರ್ಚಿ ಎತ್ತಿಕೊಂಡು ಹೋದ. ಗಾಸ್ತೋನ್ ತಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ, ಪುಸ್ತಕ ನೋಡಿದ. ಆಮೇಲೆ ಅಬ್ರಿಲ್‌ಳ ಕೈ ಹಿಡಿದು ನೀರಿನ ಕಡೆ ನಡೆದುಬಿಟ್ಟ. ಮಿರ್ತಾ ಒಳಗೆ ಹೋಗಿ, ನಮ್ಮಿಬ್ಬರ ನಡುವೆ ಮೂವತ್ತೊಂದು ವರ್ಷ ಸುತ್ತಿಕಟ್ಟಿದ್ದ ಕ್ಯಾನ್ವಾಸ್‌ನ ಗಂಟು ಬಿಚ್ಚಿದಳು. ಗಂಟು ಬಿಗಿದು ಹೋಗಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು. ಗೋಡೆ ಕೆಳಗೆ ಬಿತ್ತು.

ಮೂರು ದಿನ ನಾನು ನನ್ನ ಡೇರೆಯಲ್ಲಿ ಒಬ್ಬಳೇ ಕೂತೆ. ಗೋಡೆಯಾಚೆಯಿಂದ ಚಮಚದ ಸದ್ದು, ಮಗುವಿನ ಮಾತು ಕೇಳುತ್ತಿತ್ತು. ದೊಡ್ಡವರ ದನಿ ತಗ್ಗಿರುತ್ತಿತ್ತು, ನಾನು ಕಿವಿ ಕೊಡುವ ಹೆಂಗಸು ಅಂತ ಈಗ ಎಲ್ಲರಿಗೂ ಗೊತ್ತಲ್ಲ. ಎರಡು ಸಲ ಗೋಡೆ ತನಕ ಹೋಗಿ "ಮಿರ್ತಾ" ಅನ್ನಲು ಬಾಯಿ ತೆರೆದು ವಾಪಸ್ ಬಂದೆ. ಏನಂತ ಹೇಳುವುದು? ಕ್ಷಮಿಸು ಅಂತಲಾ? ಆ ಮಾತನ್ನು ನನ್ನ ಪುಸ್ತಕಗಳಲ್ಲಿ ಎಷ್ಟು ಸಲ ಹೇಳಿಸಿದ್ದೇನೆಂದರೆ ನನ್ನ ಬಾಯಲ್ಲಿ ಅದಕ್ಕೆ ಬೆಲೆಯೇ ಇಲ್ಲ.

ನಾಲ್ಕನೇ ದಿನ ಬೆಳಗ್ಗೆ ಅವಳೇ ಬಂದಳು. ಕೂತ್ಕೋ ಅಂದೆ, ಕೂರಲಿಲ್ಲ. ಬೆರಳಿಗೆ ಬ್ಯಾಂಡೇಜು ಸುತ್ತಿತ್ತು.

"ಗಾಸ್ತೋನ್ ಹೊರಟ," ಅಂದಳು. "ತಿಂಗಳ ಕೊನೆ ತನಕ ಇರ್ಬೇಕಿತ್ತು."

"ನಿನ್ನ ಮೇಲೆ ಕೋಪಾನಾ?"

"ಇಪ್ಪತ್ತು ನಿಮಿಷಕ್ಕಾ? ಇಲ್ಲ. ಅವನಿಗೂ ಒಂದು ಮಗು ಇದೆ, ಅವನಿಗೂ ಗೊತ್ತು. 'ಸುಸ್ತಾಗಿತ್ತಾ ಅಮ್ಮ' ಅಂತ ಕೇಳ್ದ. ಹೌದು ಅಂದೆ. ಆಯ್ತು ಅಂದ." ಮಿರ್ತಾ ಬ್ಯಾಂಡೇಜಿನ ತುದಿ ಒತ್ತಿಕೊಂಡಳು. "ಆದ್ರೆ, 'ಇದನ್ನ ನೀನು ನನಗೆ ಯಾಕೆ ಹೇಳ್ಲಿಲ್ಲ? ಎಲ್ಲರ ಜೊತೆ ಕೂತು ನಿನ್ನ ನೋಡಿ ನಾನೇ ನಕ್ಕೆನಲ್ಲಮ್ಮ' ಅಂದ. ಅದನ್ನ ಅವನಿಗೆ ತಡ್ಕೊಳ್ಳೋಕಾಗ್ಲಿಲ್ಲ."

"ಮಿರ್ತಾ, ನಾನು..."

"ತಾಳು. ನಾನು ಅವನಿಗೆ ಹೇಳ್ಬೇಕು ಅಂತಾನೇ ಇದ್ದೆ. ಈ ಬೇಸಿಗೇಲಿ. ಅಬ್ರಿಲ್‌ಗೆ ನಾಕು ವರ್ಷ ಆಗ್ಲಿ, ಆಗ ಅರ್ಥ ಆಗತ್ತೆ ಅಂತ ಕಾದಿದ್ದೆ. ಬಾಯಿಂದ ಹೊರಗೆ ಬರುತ್ತೋ ಇಲ್ವೋ ಅಂತ ಭಯ. ಅದಕ್ಕೆ ಹೋದ ವರ್ಷ ಮೊದ್ಲು ನಿನ್ನ ಹತ್ರ ಹೇಳಿ ನೋಡ್ದೆ. ನೀನು ಅತ್ಕೊಂಡು ಬಂದೆ. ಓ, ಕೇಳಿದವರು ಅಳ್ತಾರೆ, ಉಗಿಯಲ್ಲ ಅಂತ ಧೈರ್ಯ ಬಂತು."

ನೆಲ ಬಿರಿದು ಒಳಗೆ ಹೋಗಬಾರದಾ ಅನ್ನಿಸಿತು. ಇದೊಂದನ್ನಾದರೂ ಒಪ್ಪಿಕೊಳ್ಳಬೇಕು ಅನ್ನಿಸಿತು.

"ನಾನು ಅತ್ತಿರ್ಲಿಲ್ಲ ಕಣೇ," ಅಂದೆ. "ಬರ್ಕೊಳ್ಳೋಕೆ ಹೋಗಿದ್ದೆ."

ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಟೋಪನ್ ತಗೊಂಡೆ, ನನ್ನ ತಂಗಿ ಮದ್ವೆ ತಗೊಂಡೆ, ಅಂಗಡಿಗೆ ಬರೋರ ಗಂಡಂದಿರನ್ನೆಲ್ಲ ತಗೊಂಡೆ. ನಾನೇನಾದ್ರೂ ಅಂದ್ನಾ? ನನಗೆ ಗೊತ್ತಿರ್ಲಿಲ್ಲ ಅಂದ್ಕೊಂಡಿದ್ಯಾ? ಹೋಗ್ಲಿ, ಅವಳ ಹೊಟ್ಟೆಪಾಡು ಅಂತ ಸುಮ್ನಿದ್ದೆ. ಇದನ್ನೂ ತಗೊಂಡೆ, ಅದೂ ಹೋಗ್ಲಿ. ಆದ್ರೆ ನಗಿಸ್ದೆಯಲ್ಲೇ ನನ್ನ? ಆ ಪರದೆ ಹಿಂದೆ ನಾನು ನಗ್ತಿರ್ಲಿಲ್ಲ ನೆಲಿ. ನನ್ನ ಬಾಯಲ್ಲಿ ಯಾಕೆ ಆ ನಗು ಇಟ್ಟೆ?"

ನನಗೆ ಉತ್ತರ ಗೊತ್ತಿತ್ತು. ಜನರಿಗೆ ಬೇಕಿತ್ತು, ಇಟ್ಟೆ.

"ನೀನು ಡೇರೆ ಬಿಡು," ಅಂದಳು ಅವಳು. "ನಾನ್ಯಾಕೆ ಹೋಗ್ಲಿ? ನನ್ನ ಮಗ ಬೆಳೆದ ಜಾಗ ಇದು. ಮುಂದಿನ ವರ್ಷ ಅವನು ಬಂದ್ರೆ ನೀನಿಲ್ಲಿ ಇರ್ಬಾರ್ದು. ಇವತ್ತೇ ಹೋಗು."

ಹೋದೆ. ಡೇರೆಗಳನ್ನು ನೋಡಿಕೊಳ್ಳುವವನು ತಲೆ ಕೆರೆದುಕೊಂಡು, ಯಾರೂ ಮಧ್ಯದಲ್ಲಿ ಡೇರೆ ಬದಲಾಯಿಸುವುದಿಲ್ಲವಲ್ಲ ಮೇಡಂ ಅಂದ. ಕೊನೆಗೆ ನಾಲ್ಕನೇ ಸಾಲಿನಲ್ಲಿ, ಬಚ್ಚಲಿನ ಪಕ್ಕ ಒಂದು ಖಾಲಿ ಇದೆ ಅಂದ. ನನಗೆ ಅದೇ ತಕ್ಕ ಜಾಗ. ನಾನೇ ಸಾಮಾನು ಹೊತ್ತೆ. ಮಟಮಟ ಮಧ್ಯಾಹ್ನ, ದಂಡೆ ತುಂಬಾ ಜನ. ಎಡಗಂಕುಳಲ್ಲಿ ಆರಾಮಕುರ್ಚಿ, ಬಲಗೈಯಲ್ಲಿ ಚೀಲ, ಕಾಲಿಗೆ ಸುಡುವ ಮರಳು. ಹನ್ನೆರಡನೇ ಡೇರೆಯ ಮುಂದೆಯೇ ಹೋಗಬೇಕು, ಬೇರೆ ದಾರಿಯಿಲ್ಲ. ಪರದೆ ತೆರೆದಿತ್ತು. ಒಳಗೆ ಮಿರ್ತಾ ಒಬ್ಬಳೇ ಕೂತು ಪದಬಂಧ ನೋಡುತ್ತಿದ್ದಳು.

ಅಲ್ಲೇ, ಸರಿಯಾಗಿ ಅಲ್ಲೇ, ಕೆಂಪಗೆ ಸುಟ್ಟ ಮೈಯ ಒಬ್ಬ ಹೆಂಗಸು ಓಡಿಬಂದು ನನ್ನನ್ನು ತಡೆದಳು. ಎದೆಗೆ ಪುಸ್ತಕ ಅವುಚಿಕೊಂಡಿದ್ದಳು.

"ನೀವೇ ಅಲ್ವಾ? ಅಯ್ಯೋ ನನ್ನ ಪುಣ್ಯ! ಆ ಏಳನೇ ಅಧ್ಯಾಯದ ತಾಯಿ ಇದ್ದಾಳಲ್ಲ, ಅವಳನ್ನ ಓದಿ ನಾನು ನನ್ನ ತಂಗಿ ನಕ್ಕೂ ನಕ್ಕೂ ಸಾಕಾಯ್ತು. ಒಂದು ಸೈನ್ ಹಾಕಿ, ಪ್ಲೀಸ್."

ಇಲ್ಲಮ್ಮ, ಅವಳು ನಗುತ್ತಿರಲಿಲ್ಲ, ಅದು ನಾನು ಹೇಳಿದ ಸುಳ್ಳು. ಇಷ್ಟು ಹೇಳಿದರೆ ಸಾಕಿತ್ತು. ಮಿರ್ತಾ ನಾಲ್ಕು ಹೆಜ್ಜೆ ದೂರದಲ್ಲಿದ್ದಳು, ಅವಳ ಪೆನ್ಸಿಲ್ ನಿಂತಿತ್ತು. ಹೇಳಿದ್ದರೆ ಅವಳಿಗೆ ಕೇಳಿಸುತ್ತಿತ್ತು. ನಾನು ಕುರ್ಚಿ ಕೆಳಗಿಟ್ಟೆ. ಬಾಯಿ ತೆರೆದೆ. ಆ ಹೆಂಗಸು ಅಷ್ಟು ಆಸೆಯಿಂದ ನನ್ನ ಮುಖ ನೋಡುತ್ತಿದ್ದಳು.

"ಯಾರ ಹೆಸರಿಗೆ ಬರೀಲಿ?" ಅಂದೆ.

ಸಹಿ ಹಾಕಿದೆ. ಅವಳು ಫೋನ್ ಎತ್ತಿ ಹಿಡಿದು ನನ್ನ ಕೆನ್ನೆಗೆ ಕೆನ್ನೆ ಒತ್ತಿದಳು. ಫೋಟೋ ತೆಗೆದು ನನಗೇ ತೋರಿಸಿದಳು.

"ನೋಡಿ," ಅಂದಳು, "ಎಷ್ಟು ಚೆನ್ನಾಗಿ ನಗ್ತಿದೀರಿ."